ಮಗುವಿಗೆ ಉಸಿರಿನ ಪರೀಕ್ಷೆ ಇದೆಯಾ? ಊದೋದನ್ನು ಮೊದಲೇ ಕಲಿಸಿ

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಮಕ್ಕಳಿಗೆ ಹೈಡ್ರೋಜನ್ ಉಸಿರಿನ ಪರೀಕ್ಷೆ ಮಾಡಿಸುತ್ತಾರೆ. ಅಂದರೆ, ಮಗು ಊದಿದ ಉಸಿರಿನಲ್ಲಿ ಹೈಡ್ರೋಜನ್ ಅನಿಲ ಎಷ್ಟಿದೆ ಅಂತ ಅಳೆದು, ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುತ್ತಿದೆಯಾ ಅಂತ ನೋಡುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಆದರೆ ತಯಾರಿ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ. ಕಳೆದ 4 ವಾರದಲ್ಲಿ ಆಂಟಿಬಯಾಟಿಕ್ ಕೊಟ್ಟಿದ್ದರೆ ಮೊದಲೇ ಹೇಳಿಬಿಡಿ. ಹಿಂದಿನ ದಿನ ಹಾಲು, ಕಾಳು, ನಾರಿನಂಶ ಜಾಸ್ತಿ ಇರುವುದು ಬೇಡ. ಆಮೇಲೆ ಉಪವಾಸ, ನೀರು ಮಾತ್ರ. ಎಷ್ಟು ಗಂಟೆ ಅಂತ ಡಾಕ್ಟರನ್ನೇ ಕೇಳಿ.

ನಿಜವಾದ ಕಷ್ಟ ಊದುವುದರಲ್ಲಿ. ಒಂದು ವಾರ ಮೊದಲೇ ಸ್ಟ್ರಾ ಕೊಟ್ಟು ಲೋಟದ ನೀರಲ್ಲಿ ಗುಳ್ಳೆ ಎಬ್ಬಿಸಲಿ. ಪುಟ್ಟ ಮಕ್ಕಳು ಊದುವ ಬದಲು ಹೀರಿಬಿಡುತ್ತಾರೆ, ಅಲ್ವಾ? ನಿಧಾನವಾಗಿ, ಒಂದೇ ಸಮನೆ ಊದಿಸಿ. ಪರೀಕ್ಷೆಯ ದಿನ ಅಲ್ಲಿ ಕೊಡುವ ಸಿಹಿ ದ್ರಾವಣ ಕುಡಿದ ಮೇಲೆ 15-30 ನಿಮಿಷಕ್ಕೊಮ್ಮೆ ಊದಬೇಕು, ಸುಮಾರು 2-3 ಗಂಟೆ ಇದೇ ಕೆಲಸ. ಅಷ್ಟು ಹೊತ್ತು ಓಡುವ ಹಾಗಿಲ್ಲ, ನಿದ್ದೆಯೂ ಮಾಡುವ ಹಾಗಿಲ್ಲ. ಕಥೆ ಪುಸ್ತಕ, ಬಣ್ಣದ ಪೆನ್ಸಿಲ್ ಮರೆಯಬೇಡಿ. ಮುಗಿದ ತಕ್ಷಣ ತಿನ್ನಲು ಏನಾದರೂ ಚೀಲದಲ್ಲಿರಲಿ.