ಸ್ಮಾರ್ಟ್ ಟ್ರೇನರ್: ನಂಬರ್ ಇಳಿಸಿದ ಮೇಲೆ ಕಾಲಿಗೆ ಬಲ ಬಂತು

ನಮ್ಮ ಮನೆ ಬೆಂಗಳೂರಿನ ಸಹಕಾರನಗರದಲ್ಲಿ, ಎರಡನೇ ಮಹಡಿ. ಇಲ್ಲಿಂದ ನಂದಿ ಬೆಟ್ಟ ಐವತ್ತು ಕಿಲೋಮೀಟರ್ ಹತ್ತಿರ. ಭಾನುವಾರ ನಾಲ್ಕೂವರೆಗೆ ಎದ್ದು ಸೈಕಲ್ ಹತ್ತಿ ಹೊರಟರೆ ಬಿಸಿಲೇರುವ ಮೊದಲೇ ಬೆಟ್ಟ ಹತ್ತಿ ಇಳಿದುಬಿಡಬಹುದು. ಆದರೆ ವಾರದ ಮಧ್ಯೆ ಏನು ಮಾಡುವುದು? ಆಫೀಸಿನಿಂದ ಬರುವಾಗಲೇ ರಾತ್ರಿ ಎಂಟು. ಬೆಳಗ್ಗೆ ಮಗಳನ್ನು ಸ್ಕೂಲಿಗೆ ಹೊರಡಿಸಬೇಕು. ಜೂನ್ ಬಂತೆಂದರೆ ರಸ್ತೆ ಗುಂಡಿಗಳೆಲ್ಲ ನೀರು ತುಂಬಿಕೊಂಡು ಯಾವುದು ಎಷ್ಟು ಆಳ ಅಂತಲೇ ಕಾಣುವುದಿಲ್ಲ. ಅದಕ್ಕೇ ಮನೆಯೊಳಗೇ ಸೈಕಲ್ ತುಳಿಯಲು ಒಂದು ಡೈರೆಕ್ಟ್ ಡ್ರೈವ್ ಸ್ಮಾರ್ಟ್ ಟ್ರೇನರ್ ತಗೊಂಡೆ, ಸೆಕೆಂಡ್ ಹ್ಯಾಂಡ್.

ಗೊತ್ತಿಲ್ಲದವರಿಗೆ ಎರಡು ಮಾತು. ಸೈಕಲ್‌ನ ಹಿಂದಿನ ಚಕ್ರ ಬಿಚ್ಚಿ, ಚೈನನ್ನು ನೇರವಾಗಿ ಟ್ರೇನರ್‌ನಲ್ಲಿರುವ ಕ್ಯಾಸೆಟ್‌ಗೆ (ಹಿಂದಿನ ಗೇರ್‌ನ ಹಲ್ಲುಚಕ್ರಗಳ ಗೊಂಚಲು) ಹಾಕುವುದು. ಒಳಗೆ ಫ್ಲೈವೀಲ್ ಅನ್ನುವ ಭಾರದ ಚಕ್ರ, ಅದನ್ನು ಹಿಡಿದು ನಿಲ್ಲಿಸಲು ವಿದ್ಯುತ್ ಅಯಸ್ಕಾಂತದ ಬ್ರೇಕ್. ನಾವು ಎಷ್ಟು ವ್ಯಾಟ್ ಹಾಕುತ್ತಿದ್ದೇವೆ ಅಂತ ಅದು ಅಳೆಯುತ್ತದೆ, ಬ್ಲೂಟೂತ್‌ನಲ್ಲಿ ಫೋನಿನ ಆ್ಯಪ್‌ಗೆ ಹೇಳುತ್ತದೆ, ಆ್ಯಪ್ ಹೇಳಿದಷ್ಟು ಬ್ರೇಕ್ ಹಿಡಿಯುತ್ತದೆ. ಕೊಳ್ಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಕ್ಯಾಸೆಟ್ ಜೊತೆಗೇ ಬರುತ್ತದಾ ಬೇರೆ ತಗೋಬೇಕಾ, ಮತ್ತೆ ನಿಮ್ಮ ಸೈಕಲ್‌ಗೆ ಬೇಕಾದ ಆಕ್ಸಲ್ ಅಡಾಪ್ಟರ್ (ಸೈಕಲನ್ನು ಟ್ರೇನರ್‌ಗೆ ಕೂರಿಸುವ ತುಂಡು) ಅದರಲ್ಲಿ ಇದೆಯಾ ಅಂತ. ನನ್ನದು 11 ಸ್ಪೀಡ್, ಅಂದರೆ ಹಿಂದೆ 11 ಗೇರ್, ಟ್ರೇನರ್‌ನಲ್ಲಿದ್ದದ್ದು 10ರ ಕ್ಯಾಸೆಟ್. ಅದನ್ನು ಬದಲಾಯಿಸುವುದರಲ್ಲೇ ಮೊದಲ ವಾರ ಹೋಯಿತು.

ಎರಡನೇ ವಾರ ರ‍್ಯಾಂಪ್ ಟೆಸ್ಟ್ ಮಾಡಿದೆ. ನಿಮಿಷಕ್ಕೊಮ್ಮೆ ಭಾರ ಏರುತ್ತಾ ಹೋಗುತ್ತದೆ, ಕಾಲು ಸೋಲುವವರೆಗೆ ತುಳಿಯಬೇಕು. ಕೊನೆಯಲ್ಲಿ ಅತಿ ಜಾಸ್ತಿ ವ್ಯಾಟ್ ಬಂದ ಒಂದು ನಿಮಿಷದ 75 ಪರ್ಸೆಂಟ್ ತೆಗೆದುಕೊಂಡು ಅದನ್ನೇ ಎಫ್‌ಟಿಪಿ (ಫಂಕ್ಷನಲ್ ಥ್ರೆಶೋಲ್ಡ್ ಪವರ್) ಅನ್ನುತ್ತಾರೆ. ಅಂದರೆ ಸುಮಾರು ಒಂದು ಗಂಟೆ ಹಿಡಿದಿಟ್ಟುಕೊಳ್ಳಬಹುದಾದ ಶಕ್ತಿ ಅಂತ ಅಂದಾಜು. ನನಗೆ ಕೊನೆಯ ನಿಮಿಷ 272 ವ್ಯಾಟ್ ಬಂತು, ಎಫ್‌ಟಿಪಿ 204. ತುಂಬಾ ಖುಷಿಯಾಯಿತು. ಆಮೇಲಿನ ಒಂದೂವರೆ ತಿಂಗಳು ಹಾಳಾಗಿದ್ದು ಈ 204ರಿಂದಲೇ.

ಆ ರಾತ್ರಿ ಚೆನ್ನಾಗಿ ನೆನಪಿದೆ. ವರ್ಕೌಟ್‌ನಲ್ಲಿ ಇದ್ದದ್ದು 12 ನಿಮಿಷದ ಮೂರು ಸುತ್ತು, ಎಫ್‌ಟಿಪಿಯ 95 ಪರ್ಸೆಂಟ್‌ನಲ್ಲಿ, ಅಂದರೆ 194 ವ್ಯಾಟ್. ಟ್ರೇನರ್ ಅರ್ಗ್ ಮೋಡ್‌ನಲ್ಲಿತ್ತು. ಈ ಮೋಡ್‌ನಲ್ಲಿ ಗೇರ್ ಯಾವುದೇ ಇರಲಿ, ನೀವು ನಿಧಾನ ತುಳಿಯಿರಿ ಜೋರಾಗಿ ತುಳಿಯಿರಿ, ಟ್ರೇನರ್ 194ನ್ನೇ ಹಿಡಿದಿಡುತ್ತದೆ. ಮೊದಲ ಸುತ್ತು ಹೇಗೋ ಮುಗಿಯಿತು. ಎರಡನೆಯದರ ಏಳನೇ ನಿಮಿಷದಲ್ಲಿ ಕೇಡೆನ್ಸ್, ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸಲ ಸುತ್ತುತ್ತದೆ ಅನ್ನುವುದು, 85ರಿಂದ 78ಕ್ಕೆ ಬಂತು. ಪೆಡಲ್ ಸ್ವಲ್ಪ ಗಟ್ಟಿಯಾಯಿತು. 70. ಇನ್ನೂ ಗಟ್ಟಿ. ಸೀಟಿನಿಂದ ಎದ್ದು ಒತ್ತಿದೆ, ಪೆಡಲ್ ಒಂದು ಸಲ ತಿರುಗಿತು, ಮತ್ತೆ ಕುಸಿಯಿತು. 55 ಆಗುವಾಗ ಬಲ ತೊಡೆಯೊಳಗೆ ಯಾರೋ ಹಗ್ಗ ಎಳೆದು ಕಟ್ಟಿದ ಹಾಗಿತ್ತು. ಆಮೇಲೆ ಪೆಡಲ್ ನಿಂತೇ ಹೋಯಿತು. ಕೆಸರಲ್ಲಿ ಕಾಲು ಹೂತ ಹಾಗೆ.

ಯಂತ್ರ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ವ್ಯಾಟ್ ಅಂದರೆ ಪೆಡಲ್ ಮೇಲಿನ ಒತ್ತಡ ಗುಣಿಸು ಅದು ತಿರುಗುವ ವೇಗ. ವೇಗ ಇಳಿದರೆ ಅದೇ ವ್ಯಾಟ್ ಉಳಿಸಿಕೊಳ್ಳಲು ಟ್ರೇನರ್ ಒತ್ತಡ ಏರಿಸುತ್ತದೆ. 85ರಿಂದ 55ಕ್ಕೆ ಬಂದರೆ ಒತ್ತಡ ಒಂದೂವರೆ ಪಟ್ಟು. ದಣಿದ ಕಾಲಿಗೆ ಅದನ್ನು ತಡೆಯಲು ಆಗುವುದಿಲ್ಲ, ಮತ್ತಷ್ಟು ನಿಧಾನವಾಗುತ್ತದೆ, ಟ್ರೇನರ್ ಮತ್ತಷ್ಟು ಬಿಗಿಯುತ್ತದೆ. ಒಮ್ಮೆ ಈ ಸುಳಿಯಲ್ಲಿ ಸಿಕ್ಕಿದರೆ ಹಟ ಮಾಡಬೇಡಿ. ತುಳಿಯುವುದು ನಿಲ್ಲಿಸಿ, ಹತ್ತು ಸೆಕೆಂಡ್ ಉಸಿರಾಡಿ, ಮತ್ತೆ 90ರ ಹತ್ತಿರ ಕೇಡೆನ್ಸ್ ತಂದುಕೊಂಡು ಶುರು ಮಾಡಿ.

ಇದೇ ಥರ ನಾಲ್ಕು ವಾರ ವರ್ಕೌಟ್ ಅರ್ಧಕ್ಕೇ ಬಿಡುತ್ತಾ ಬಂದೆ. ನಿದ್ದೆ ಸರಿಯಾಗುತ್ತಿರಲಿಲ್ಲ. ಟ್ರೇನರ್ ನೋಡಿದರೆ ಹೊಟ್ಟೆಯಲ್ಲಿ ಸಂಕಟ. ಕೊನೆಗೆ ಒಂದು ವಾರ ಪೂರ್ತಿ ರಜೆ ಕೊಟ್ಟು, 20 ನಿಮಿಷದ ಟೆಸ್ಟ್ ಮಾಡಿದೆ. ಇದರಲ್ಲಿ 20 ನಿಮಿಷದ ಸರಾಸರಿಯ 95 ಪರ್ಸೆಂಟ್ ಲೆಕ್ಕ. ಸರಾಸರಿ ಬಂದಿದ್ದು 192, ಅಂದರೆ ಎಫ್‌ಟಿಪಿ 182. ಆಗ ಅರ್ಥವಾಯಿತು. ಒಂದು ನಿಮಿಷ ಜೋರಾಗಿ ಒದೆಯುವ ಶಕ್ತಿ ನನಗೆ ಇದೆ, ಹಾಗಾಗಿ ರ‍್ಯಾಂಪ್ ಟೆಸ್ಟ್‌ನಲ್ಲಿ ನಂಬರ್ ಉಬ್ಬುತ್ತದೆ. ನಾನು 95 ಪರ್ಸೆಂಟ್ ಅಂದುಕೊಂಡು ತುಳಿಯುತ್ತಿದ್ದ 194 ನಿಜಕ್ಕೂ 106 ಪರ್ಸೆಂಟ್. ಅಂಥದ್ದನ್ನು 12 ನಿಮಿಷದಂತೆ ಮೂರು ಸಲ ತುಳಿಯಲು ಯಾರಿಗೆ ತಾನೇ ಆಗುತ್ತದೆ?

ಆ್ಯಪ್‌ನಲ್ಲಿ 204 ಅಳಿಸಿ 182 ಹಾಕುವಾಗ ಬೇಜಾರಾಗಿದ್ದು ನಿಜ. ಆದರೆ ಅಲ್ಲಿಂದ ಎಲ್ಲ ಬದಲಾಯಿತು. ವಾರಕ್ಕೆ ನಾಲ್ಕು ದಿನ ತುಳಿದೆ, ಅದರಲ್ಲಿ ಎರಡು ದಿನ ಸುಮ್ನೆ ಜೋನ್ 2 ಅನ್ನುವ ಹಗುರ ತುಳಿತ. ಎಫ್‌ಟಿಪಿಯ 56ರಿಂದ 75 ಪರ್ಸೆಂಟ್, ನನ್ನ ಲೆಕ್ಕದಲ್ಲಿ 102ರಿಂದ 137 ವ್ಯಾಟ್. ಪಕ್ಕದಲ್ಲಿ ಕೂತ ಮಗಳ ಜೊತೆ ಮಗ್ಗಿ ಹೇಳುತ್ತಾ ತುಳಿಯಬಹುದಾದಷ್ಟು ಹಗುರ. ಮೊದಮೊದಲು ಇದರಿಂದ ಏನು ಉಪಯೋಗ ಅನ್ನಿಸುತ್ತಿತ್ತು. ಆದರೆ ಈ ಹಗುರ ದಿನಗಳು ಇದ್ದುದರಿಂದಲೇ ಉಳಿದೆರಡು ದಿನದ ಕಷ್ಟದ ವರ್ಕೌಟ್ ಪೂರ್ತಿ ಮುಗಿಸಲು ಆಗುತ್ತಿತ್ತು. ಅರ್ಗ್‌ನಲ್ಲಿ ಪೆಡಲ್ ಹತ್ತಿರದ ಚಿಕ್ಕ ಹಲ್ಲುಚಕ್ರಕ್ಕೆ ಚೈನ್ ಹಾಕಿಟ್ಟು ಗೇರ್ ಮುಟ್ಟದೆ ತುಳಿದೆ. ಹೀಗೆ ಮಾಡಿದರೆ ಫ್ಲೈವೀಲ್ ನಿಧಾನ ತಿರುಗುತ್ತದೆ, ಬೆಟ್ಟ ಹತ್ತುವ ಅನುಭವಕ್ಕೆ ಹತ್ತಿರ ಇರುತ್ತದೆ.

ಇನ್ನು ಫ್ಯಾನ್. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪೆಡಲ್‌ಗೆ 150 ವ್ಯಾಟ್ ಹೋಗುವಾಗ ಅದರ ಸುಮಾರು ಮೂರು ಪಟ್ಟು ಮೈಯಿಂದ ಶಾಖವಾಗಿ ಹೊರಗೆ ಬರಬೇಕು. ರಸ್ತೆಯಲ್ಲಿ ಗಾಳಿ ಅದನ್ನು ಒಯ್ಯುತ್ತದೆ. ಹಾಲ್‌ನಲ್ಲಿ ಗಾಳಿ ಎಲ್ಲಿಂದ ಬರಬೇಕು? ಸೀಲಿಂಗ್ ಫ್ಯಾನ್ ಕೆಳಗೆ 120 ವ್ಯಾಟ್ ತುಳಿದರೆ ನನ್ನ ಹಾರ್ಟ್ ರೇಟ್ ಒಂದು ಗಂಟೆಯಲ್ಲಿ 136ರಿಂದ 155ಕ್ಕೆ ಹೋಗುತ್ತಿತ್ತು. ಎದೆಗೆ ನೇರವಾಗಿ ಒಂದು ದೊಡ್ಡ ಪೆಡೆಸ್ಟಲ್ ಫ್ಯಾನ್ ಇಟ್ಟ ಮೇಲೆ 144ರಲ್ಲೇ ನಿಂತಿತು. ಅದೇ ಕಾಲು, ಅದೇ ಕೆಲಸ. ದುಡ್ಡು ಉಳಿದಿದ್ದರೆ ಆ್ಯಪ್‌ಗಿಂತ ಮೊದಲು ಫ್ಯಾನ್ ತಗೊಳ್ಳಿ.

ಬೆವರಿನ ವಿಷಯದಲ್ಲಿ ನಾನು ಕಳೆದುಕೊಂಡೆ. ಹ್ಯಾಂಡಲ್ ಮೇಲೆ ಟವೆಲ್ ಹಾಕುತ್ತಿದ್ದೆ, ಸಾಕು ಅಂದುಕೊಂಡಿದ್ದೆ. ಮೂರು ತಿಂಗಳಾದ ಮೇಲೆ ಹ್ಯಾಂಡಲ್‌ಗೆ ಸುತ್ತಿದ ಟೇಪ್ ಬದಲಾಯಿಸಲು ಬಿಚ್ಚಿದರೆ ಕೆಳಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಗೋಡೆಗೆ ಉಪ್ಪು ಹಿಡಿದ ಹಾಗೆ. ಉಗುರಲ್ಲಿ ಕೆರೆದರೆ ಚಿಕ್ಕ ಚಿಕ್ಕ ಗುಳಿ. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್‌ನ ಬೋಲ್ಟ್ ತುಕ್ಕು ಹಿಡಿದು ಅಲೆನ್ ಕೀ ಜಾರುತ್ತಿತ್ತು. ಇಳಿಜಾರಿನಲ್ಲಿ ಆ ಹ್ಯಾಂಡಲ್ ಮುರಿದಿದ್ದರೆ ಅಂತ ಯೋಚಿಸಿ ಕೈ ತಣ್ಣಗಾಯಿತು. ಹ್ಯಾಂಡಲ್, ಬೋಲ್ಟ್ ಎರಡೂ ಹೊಸದು ಹಾಕಿಸಿದೆ. ಈಗ ಪ್ರತಿ ಸಲ ಇಳಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಎರಡು ತಿಂಗಳಿಗೊಮ್ಮೆ ಟೇಪ್ ಬಿಚ್ಚಿ ನೋಡುತ್ತೇನೆ.

ಕೆಳಗಿನ ಮನೆಯವರಿಗೆ ಸದ್ದು ಕೇಳುತ್ತಿರಲಿಲ್ಲ, ನೆಲ ಅದುರುವುದು ಗೊತ್ತಾಗುತ್ತಿತ್ತು. ರಬ್ಬರ್ ಮ್ಯಾಟ್ ಕೆಳಗೆ ಮಕ್ಕಳು ಆಡುವ ಫೋಮ್ ಮ್ಯಾಟ್ ಎರಡು ಪದರ ಹಾಕಿದೆ, ಆ ತೊಂದರೆ ಮುಗಿಯಿತು. ಕರೆಂಟ್ ಹೋದರೆ ನನ್ನ ಟ್ರೇನರ್‌ನಲ್ಲಿ ಬ್ರೇಕ್ ಬಿಟ್ಟುಹೋಗುತ್ತದೆ, ಪೆಡಲ್ ಗಾಳಿಯಲ್ಲಿ ತಿರುಗಿದ ಹಾಗೆ. ಅದಕ್ಕೆ ಇನ್ವರ್ಟರ್ ಇರುವ ಪ್ಲಗ್‌ಗೇ ಹಾಕಿದ್ದೇನೆ.

ಐದು ತಿಂಗಳಾದ ಮೇಲೆ ಮತ್ತೆ 20 ನಿಮಿಷದ ಟೆಸ್ಟ್. ಸರಾಸರಿ 219, ಎಫ್‌ಟಿಪಿ 208. ರ‍್ಯಾಂಪ್ ಟೆಸ್ಟ್ ಸುಳ್ಳು ಹೇಳಿದ್ದ 204 ಈಗ ನಿಜವಾಗಿ ದಾಟಿತ್ತು. ಮುಂದಿನ ಭಾನುವಾರ ನಂದಿಗೆ ಹೋದೆ. ಬುಡದಿಂದ ಮೇಲಿನವರೆಗೆ ಏಳೆಂಟು ಕಿಲೋಮೀಟರ್ ಏರು. ಮೊದಲೆಲ್ಲ ಆರಂಭದ ತಿರುವುಗಳಲ್ಲೇ ಜೋರಾಗಿ ಹೊಡೆದು, ಕೊನೆಯ ಕಡಿದಾದ ಜಾಗದಲ್ಲಿ ಕಾಲು ಸತ್ತು ತೂರಾಡುತ್ತಿದ್ದೆ. ಈ ಸಲ ಕೆಳಗೆ ಎಲ್ಲರೂ ನನ್ನನ್ನು ದಾಟಿ ಹೋದರು, ಹೋಗಲಿ ಅಂತ ಬಿಟ್ಟೆ. ಹಾಲ್‌ನಲ್ಲಿ 190 ವ್ಯಾಟ್ ಅಂದರೆ ಉಸಿರು ಹೇಗಿರುತ್ತದೆ, ತೊಡೆ ಹೇಗಿರುತ್ತದೆ ಅಂತ ಮೈಗೆ ಗೊತ್ತಾಗಿತ್ತು, ಅದೇ ಉಸಿರಲ್ಲಿ ಹತ್ತಿದೆ. ಕೊನೆಯ ತಿರುವುಗಳಲ್ಲಿ ಅವರಲ್ಲಿ ಮೂವರು ಮತ್ತೆ ಸಿಕ್ಕರು. ಹಿಂದೆ 39 ನಿಮಿಷ ಹಿಡಿಯುತ್ತಿತ್ತು, ಅವತ್ತು 34. ಮೇಲೆ ಮಂಜಿತ್ತು, ಸೈಕಲ್ ಗೋಡೆಗೆ ಒರಗಿಸಿ ಮನೆಗೆ ಫೋನ್ ಮಾಡಿದೆ.