ಲಾಗ್‌ಔಟ್ ಆದ ಮೇಲೂ ಉಳಿಯುವ ಪ್ರೊಸೆಸ್‌ಗಳು: ಲ್ಯಾಬ್ ಸರ್ವರ್‌ನಲ್ಲಿ ನಾನು ಮಾಡಿದ್ದು

ಹಲವರು ಎಸ್‌ಎಸ್‌ಎಚ್ ಮೂಲಕ ಬಳಸುವ ಲಿನಕ್ಸ್ ಸರ್ವರ್‌ನಲ್ಲಿ ಎಲ್ಲರೂ ಲಾಗ್‌ಔಟ್ ಆದರೂ ರ್‍ಯಾಮ್ ಬಿಡುಗಡೆಯಾಗುವುದಿಲ್ಲ. ಜುಪಿಟರ್ ನೋಟ್‌ಬುಕ್‌ನ ಕೋಡ್ ಓಡಿಸುವ ಕರ್ನಲ್‌ಗಳು, ನೋಹಪ್ (ಲಾಗ್‌ಔಟ್ ಆದರೂ ನಿಲ್ಲದಂತೆ ಮಾಡುವ ಕಮಾಂಡ್) ಹಾಕಿ ಬಿಟ್ಟ ಪೈಥಾನ್ ಸ್ಕ್ರಿಪ್ಟ್‌ಗಳು ಓಡುತ್ತಲೇ ಇರುತ್ತವೆ. ಕ್ರಾನ್‌ನಲ್ಲಿ (ಗೊತ್ತಾದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಪ್ರೊಸೆಸ್ ಕೊಲ್ಲುವ 'ಪಿಕಿಲ್ -ಯು' ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅದು ಯೂಸರ್ ಹೆಸರು ನೋಡಿ ಕೊಲ್ಲುತ್ತದೆ. ಅದೇ ವ್ಯಕ್ತಿ ಇನ್ನೊಂದು ಟರ್ಮಿನಲ್‌ನಲ್ಲಿ ಮಾಡುತ್ತಿರುವ ಕೆಲಸವೂ ಹೋಗುತ್ತದೆ. ಕೊಲ್ಲಬೇಕಾದ್ದು ಸೆಷನ್ನನ್ನು, ಅಂದರೆ ಆ ಒಂದು ಲಾಗಿನ್ ಮತ್ತು ಅದರಲ್ಲಿ ಶುರುವಾದದ್ದನ್ನು.

ಮೊದಲು 'ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್' ಕೊಟ್ಟು ನಂಬರ್ ನೋಡಿಕೊಂಡೆ, ಆಮೇಲೆ 'ಸೆಷನ್-ಸ್ಟೇಟಸ್'. ಸ್ಟೇಟ್ ಎದುರು 'ಕ್ಲೋಸಿಂಗ್' ಎಂದಿದ್ದರೆ ಆಸಾಮಿ ಹೊರಟಿದ್ದಾರೆ, ಪ್ರೊಸೆಸ್ ಉಳಿದಿದೆ ಎಂದರ್ಥ. ಉಳಿದದ್ದು ಯಾವುದೆಂದು ಅದರ ಕೆಳಗೇ ಕಾಣುತ್ತದೆ. ಅಂಥ ಒಂದೆರಡಕ್ಕೆ 'ಟರ್ಮಿನೇಟ್-ಸೆಷನ್' ಸಾಕು.

ಕಾಯಂ ವ್ಯವಸ್ಥೆಗೆ ಲಾಗಿನ್‌ಡಿ.ಕಾನ್ಫ್ ಫೈಲಿನಲ್ಲಿ 'ಕಿಲ್‌ಯೂಸರ್‌ಪ್ರೊಸೆಸಸ್=ಯೆಸ್' ಬರೆದೆ. ಲಾಗ್‌ಔಟ್ ಆದಾಗ ಸೆಷನ್ನಿನ ಪ್ರೊಸೆಸ್‌ಗಳನ್ನು ಇದು ಕೊಲ್ಲುತ್ತದೆ. ಲಿನಕ್ಸ್‌ನಲ್ಲಿ ಸರ್ವಿಸ್, ಸೆಷನ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ 2016ರಲ್ಲಿ ಬಂದ 230ನೇ ಆವೃತ್ತಿಯಲ್ಲಿ ಇದೇ ಡೀಫಾಲ್ಟ್ ಆಗಿತ್ತು. ಗಲಾಟೆಯಾಗಿ ಡೆಬಿಯನ್, ಫೆಡೋರಾ ಮುಂತಾದವು ಅದನ್ನು 'ನೋ' ಮಾಡಿಕೊಂಡವು. ಒಂದೇ ಸಲ ಎಲ್ಲರಿಗೂ ಹಚ್ಚಬೇಡಿ. 'ಕಿಲ್‌ಓನ್ಲಿಯೂಸರ್ಸ್' ಎದುರು ಒಂದು ಟೆಸ್ಟ್ ಅಕೌಂಟ್ ಹೆಸರು ಕೊಟ್ಟು ಪರೀಕ್ಷಿಸಿ. ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ 'ಯೂಸ್‌ಪ್ಯಾಮ್ ಯೆಸ್' ಇರಲೇಬೇಕು (ಪ್ಯಾಮ್ ಎಂದರೆ ಲಿನಕ್ಸ್‌ನ ಲಾಗಿನ್ ಪರಿಶೀಲನೆಯ ವ್ಯವಸ್ಥೆ). ಇಲ್ಲದಿದ್ದರೆ ಸೆಷನ್ನೇ ದಾಖಲಾಗುವುದಿಲ್ಲ, ಏನೂ ಸಾಯುವುದಿಲ್ಲ.

ಇನ್ನು ಸಂಪರ್ಕ ಕಡಿದರೂ ಟರ್ಮಿನಲ್ ಉಳಿಸುವ ಟೀಮಕ್ಸ್, ಸ್ಕ್ರೀನ್ ಬಳಸುವವರ ಪಾಡು. ರಾತ್ರಿಯಿಡೀ ಓಡಬೇಕಾದ ಕೆಲಸವೂ ಸೆಷನ್ ಜೊತೆಗೇ ಸಾಯುತ್ತದೆ. 'ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್' ಒಂದೇ ಸಾಲದು. ಅದು ಯೂಸರ್ ಮ್ಯಾನೇಜರನ್ನು (ಆ ಯೂಸರ್‌ಗೆಂದೇ ಓಡುವ ಸಿಸ್ಟಮ್‌ಡಿ) ಮಾತ್ರ ಜೀವಂತ ಇಡುತ್ತದೆ. ಟೀಮಕ್ಸ್ ಮಾತ್ರ ಸೆಷನ್ ಸ್ಕೋಪ್ (ಆ ಸೆಷನ್ನಿನ ಪ್ರೊಸೆಸ್‌ಗಳ ಗುಂಪು) ಒಳಗೇ ಇರುತ್ತದೆ. ಹಾಗಾಗಿ 'ಸಿಸ್ಟಮ್‌ಡಿ-ರನ್ --ಯೂಸರ್ --ಸ್ಕೋಪ್ ಟೀಮಕ್ಸ್' ಎಂದೇ ಶುರು ಮಾಡಬೇಕು. ಲಿಂಗರ್ ಇಲ್ಲದೆ ಇದನ್ನೊಂದೇ ಮಾಡಿದರೂ ಕೊನೆಯ ಸೆಷನ್ ಮುಗಿದ ಮೇಲೆ, ಡೀಫಾಲ್ಟಾಗಿ 10 ಸೆಕೆಂಡಿಗೆ, ಮ್ಯಾನೇಜರ್ ನಿಂತು ಎಲ್ಲವನ್ನೂ ಒಯ್ಯುತ್ತದೆ. ಎರಡೂ ಬೇಕು. ದೀರ್ಘ ಕೆಲಸ ನಿಜಕ್ಕೂ ಇರುವವರಿಗಷ್ಟೇ ನಾನು ಲಿಂಗರ್ ಕೊಡುತ್ತೇನೆ.

ಸುಡೋ ಕೊಟ್ಟು ಹಿನ್ನೆಲೆಯಲ್ಲಿ ಓಡಿಸಿದ್ದು ರೂಟ್ ಹೆಸರಿನಲ್ಲಿದ್ದರೂ ಅದೇ ಸ್ಕೋಪಿನಲ್ಲಿರುವುದರಿಂದ ಸಾಯುತ್ತದೆ. ಅಂಥವಕ್ಕೆ ಸರ್ವಿಸ್ ಯೂನಿಟ್ (ಸಿಸ್ಟಮ್‌ಡಿಗೆ ಏನು ಓಡಿಸಬೇಕೆಂದು ಹೇಳುವ ಫೈಲ್) ಬರೆದು 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್' ಮಾಡಿ.

ಲಾಗಿನ್‌ಡಿ.ಕಾನ್ಫ್‌ನಲ್ಲೇ ಇರುವ 'ರಿಮೂವ್‌ಐಪಿಸಿ' ಕೂಡ ಗಮನಿಸಿ. ಡೀಫಾಲ್ಟ್ 'ಯೆಸ್' ಇದ್ದರೆ ಯೂಸರ್ ಪೂರ್ತಿ ಲಾಗ್‌ಔಟ್ ಆದಾಗ ಅವರ ಶೇರ್ಡ್ ಮೆಮೊರಿ ಅಳಿಸಿಹೋಗುತ್ತದೆ. ಸಾಮಾನ್ಯ ಅಕೌಂಟ್‌ನಲ್ಲಿ ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದರಿಂದಲೇ ಬಿದ್ದುಹೋಗಬಹುದು. ಅದನ್ನು ಸಿಸ್ಟಮ್ ಅಕೌಂಟ್‌ಗೆ ಬದಲಿಸಿ, ಇಲ್ಲವೇ ಇದಕ್ಕೆ 'ನೋ' ಕೊಡಿ.