‘ಕೊನೆ ಅರ್ಥ ಆಗಲಿಲ್ಲ’ ಅಂದ 9 ಜನ

ನಾನು ಮಾಡಿದ ಹಾರರ್ ಸಿನಿಮಾವನ್ನು 12 ಜನಕ್ಕೆ ತೋರಿಸಿ, ಅಭಿಪ್ರಾಯ ಬರೆಸಿದ್ದೆ. ಅದರಲ್ಲಿ 9 ಜನ ಹಾಳೆಯಲ್ಲಿ ಬರೆದಿದ್ದು ಒಂದೇ ಮಾತು: ಕೊನೆ ಅರ್ಥ ಆಗಲಿಲ್ಲ.

ಆ ರಾತ್ರಿ ನನಗೆ ಮೊದಲು ಅನ್ನಿಸಿದ್ದು, ಇವರಿಗೆ ಸಿನಿಮಾ ನೋಡೋಕೇ ಬರಲ್ಲ ಅಂತ. ಸುಳ್ಳು ಯಾಕೆ ಹೇಳಲಿ. ಆರು ಜನರ ತಂಡ, ನಾಲ್ಕು ಜನ ಕಲಾವಿದರು, ಒಂದೇ ಮನೆ, 17 ದಿನದ ಚಿತ್ರೀಕರಣ. ಕೈಯಲ್ಲಿದ್ದ ದುಡ್ಡು ಅಷ್ಟಕ್ಕೇ ಸಾಕಾಗಿತ್ತು. ಇಷ್ಟೆಲ್ಲ ಮಾಡಿದ ಮೇಲೆ ‘ಅರ್ಥ ಆಗಲಿಲ್ಲ’ ಅಂದರೆ ಹೊಟ್ಟೆ ಉರಿಯದೆ ಇರುತ್ತಾ?

ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹಿಡಿಯುವುದಿಲ್ಲ. ಅಪ್ಪ, ಅಮ್ಮ, 9 ವರ್ಷದ ಮಗಳು, ಹಾಸಿಗೆ ಹಿಡಿದ ಅಜ್ಜಿ. ಮನೆಯಲ್ಲಿ ಇನ್ನೊಂದು ಏನೋ ಇದೆ. ಅದು ಮನೆಯವರ ದನಿ ಕದಿಯುತ್ತದೆ. ಅಮ್ಮ ಮಗಳನ್ನು ಯಾವಾಗಲೂ ‘ಪುಟ್ಟಿ’ ಅಂತಲೇ ಕರೆಯುತ್ತಾಳೆ. ಅಮ್ಮನ ದನಿಯಲ್ಲಿ ಆ ಇನ್ನೊಂದು ಕರೆದಾಗ ಮಾತ್ರ ‘ಅದಿತಿ’ ಅನ್ನುತ್ತದೆ. ಕೊನೇ ಶಾಟ್‌ನಲ್ಲಿ ಬೆಳಗಾಗಿದೆ, ಎಲ್ಲ ಮುಗಿಯಿತು ಅನ್ನಿಸುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ನಗುತ್ತಾ ಕೈ ಚಾಚುತ್ತಾಳೆ: “ಅದಿತಿ, ಬಾ.” ಮಗು ಎದ್ದು ಹೋಗುತ್ತದೆ. ಅಷ್ಟೇ, ಕತ್ತಲು.

ಇದರಲ್ಲಿ ಅರ್ಥ ಆಗದೆ ಇರೋದು ಏನಿದೆ ಅಂತ ನನ್ನ ವಾದ.

ಅಭಿಪ್ರಾಯ ಕೇಳುವ ವಿಷಯದಲ್ಲಿ ನಾನು ಮೊದಲೇ ಸ್ವಲ್ಪ ಹುಷಾರಾಗಿದ್ದೆ. ಸ್ನೇಹಿತರನ್ನು ಕೂರಿಸಲಿಲ್ಲ. ಅವರು ‘ಸೂಪರ್’ ಅಂದು ಮನೆಗೆ ಹೋಗುತ್ತಾರೆ. ಸ್ನೇಹಿತರ ಸ್ನೇಹಿತರನ್ನು ಕರೆದೆ, ನನ್ನ ಮುಖ ಪರಿಚಯ ಇಲ್ಲದವರನ್ನು. ನಿರ್ದೇಶಕ ನಾನೇ ಅಂತ ಹೇಳಲಿಲ್ಲ, ಪ್ರೊಜೆಕ್ಟರ್ ನೋಡಿಕೊಳ್ಳುವವನು ಅಂದೆ. (ಒಬ್ಬರು ಮಧ್ಯೆ ನನ್ನ ಕಡೆ ವಾಲಿ, “ಪಾಪ, ನೀವು ಇದನ್ನ ಎಷ್ಟು ಸಲ ನೋಡಬೇಕು?” ಅಂತ ಕೇಳಿದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.) ಸಿನಿಮಾ ಮುಗಿದ ತಕ್ಷಣ ಮಾತಾಡೋಕೆ ಬಿಡಲಿಲ್ಲ, ಮೊದಲು ಬರೆಸಿದೆ. ಜೋರು ಬಾಯಿಯವರು ಒಬ್ಬರು ಶುರು ಮಾಡಿದರೆ ಉಳಿದ ಹನ್ನೊಂದು ಜನರ ಅಭಿಪ್ರಾಯವೂ ಅದೇ ಆಗಿಬಿಡುತ್ತದೆ. ‘ಇಷ್ಟ ಆಯ್ತಾ’ ಅನ್ನುವ ಪ್ರಶ್ನೆ ಹಾಳೆಯಲ್ಲಿ ಇರಲೇ ಇಲ್ಲ. ಎಲ್ಲಿ ಬೇಜಾರಾಯಿತು, ಎಲ್ಲಿ ಗೊಂದಲ ಆಯಿತು, ಮೂವರಿಗೆ ಈ ಕಥೆ ಹೇಳಿ ಅಂದರೆ ಏನು ಹೇಳುತ್ತೀರಿ, ಇಷ್ಟೇ ಕೇಳಿದ್ದೆ.

ಹಾಳೆಗಿಂತ ಜಾಸ್ತಿ ಹೇಳಿದ್ದು ಫೋನುಗಳು. ಹಿಂದಿನ ಸಾಲಿನಲ್ಲಿ ಕೂತರೆ ಕತ್ತಲಲ್ಲಿ ಯಾರ ಫೋನ್ ಬೆಳಗಿದರೂ ಕಾಣುತ್ತದೆ. ಬೆಳಗಿದ ನಿಮಿಷವನ್ನು ನೋಟ್‌ಬುಕ್ಕಲ್ಲಿ ಬರೆದುಕೊಂಡೆ. 47ನೇ ನಿಮಿಷಕ್ಕೆ ಐದು ಫೋನು. ನಾನು ತುಂಬಾ ಪ್ರೀತಿಯಿಂದ ತೆಗೆದಿದ್ದ ಉದ್ದ ಶಾಟ್ ಅದು, ಖಾಲಿ ಪಡಸಾಲೆಯದು. ಹಾಳೆಯಲ್ಲಿ ಅದರ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಮರುದಿನವೇ ಅದನ್ನು ಅರ್ಧಕ್ಕೆ ಕತ್ತರಿಸಿದೆ.

ಈಗ ಕೊನೆಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಪರಿಹಾರವನ್ನೂ ಬರೆದಿದ್ದರು. ಒಬ್ಬರಿಗೆ ಫ್ಲ್ಯಾಶ್‌ಬ್ಯಾಕ್ ಬೇಕು. ಇನ್ನೊಬ್ಬರಿಗೆ ಅಪ್ಪ ಬಂದು ಒಂದು ಡೈಲಾಗಲ್ಲಿ ಎಲ್ಲ ಬಿಡಿಸಿ ಹೇಳಬೇಕು. ಮತ್ತೊಬ್ಬರಿಗೆ ಅಮ್ಮನ ಕಣ್ಣು ಕಪ್ಪಾಗಬೇಕು. ನಾನು ಕಣ್ಣಿನ ಐಡಿಯಾಗೆ ಅರ್ಧ ಒಪ್ಪಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಆ 9 ಜನರಲ್ಲಿ ಒಬ್ಬ ಹುಡುಗ ಸಿಕ್ಕಿದ. ಅವನ ಮನೆಯ ಟಿವಿಯಲ್ಲಿ 12ನೇ ನಿಮಿಷ ಹಾಕಿಸಿದೆ. ಅಡುಗೆಮನೆ ದೃಶ್ಯ. ಅಮ್ಮ ಬೆನ್ನು ತಿರುಗಿಸಿಕೊಂಡು ಮಗಳನ್ನು ಕರೆಯುತ್ತಾಳೆ.

“ಈಗ ಅಮ್ಮ ಏನಂದಳು?”

“ಊಟಕ್ಕೆ ಬಾ ಅಂದಳು.”

“ಮಗಳನ್ನ ಏನಂತ ಕರೆದಳು?”

“ಕರೆದಳಾ?”

ಮತ್ತೆ ಹಾಕಿದೆ. ನಾನೂ ಕಿವಿಗೊಟ್ಟು ಕೇಳಿದೆ. ಫ್ಯಾನಿನ ಗುಂಯ್ ಸದ್ದು, ಅದರ ಅಡಿಯಲ್ಲಿ ಏನೋ ‘ಉ...ಇ’ ಅಂತ. ‘ಪುಟ್ಟಿ’ ಅನ್ನುವ ಪದ ಅಲ್ಲಿ ಇರಲೇ ಇಲ್ಲ.

ಸೆಟ್‌ನಲ್ಲಿ ಲೈಟಿನ ಬಿಸಿಗೆ ಎಲ್ಲರೂ ಬೆವರುತ್ತಿದ್ದರು, ಅದಕ್ಕೇ ಫ್ಯಾನ್ ಹಾಕಿದ್ದೆವು. ಕಲಾವಿದೆ ಬೆನ್ನು ಹಾಕಿದ್ದರು, ಮೈಕ್ ಹಿಡಿದವನಿಗೆ ಅಷ್ಟು ದೂರ ಚಾಚಲು ಆಗಲಿಲ್ಲ. ಎಡಿಟಿಂಗ್‌ನಲ್ಲಿ ನಾನು ತಿಂಗಳುಗಟ್ಟಲೆ ಒಳ್ಳೆಯ ಹೆಡ್‌ಫೋನಲ್ಲಿ ಕೇಳಿದ್ದೆ. ಅದಕ್ಕಿಂತ ಮುಖ್ಯವಾಗಿ, ಡೈಲಾಗ್ ಬರೆದವನೇ ನಾನು. ಕಿವಿಗೆ ಬೀಳದಿದ್ದರೂ ನನ್ನ ತಲೆ ಅದನ್ನು ತುಂಬಿಕೊಳ್ಳುತ್ತಿತ್ತು. 30ನೇ ನಿಮಿಷದಲ್ಲಿ ಎರಡನೇ ಸಲ ‘ಪುಟ್ಟಿ’ ಬರುತ್ತದೆ, ಅದರ ಮೇಲೆ ನಾನೇ ಮಳೆ ಸದ್ದು ಸುರಿದಿದ್ದೆ. ಅಂದರೆ ಸುಳಿವು ಇಟ್ಟಿದ್ದ ಎರಡೂ ಕಡೆ ಅದು ಮುಚ್ಚಿಹೋಗಿತ್ತು. ಕೊನೆಯಲ್ಲಿ ‘ಅದಿತಿ’ ಅಂದಾಗ ನೋಡುವವರಿಗೆ ಅದು ಮಗುವಿನ ಹೆಸರು, ಅಷ್ಟೇ. ಅರ್ಥ ಆಗದಿದ್ದಿದ್ದರಲ್ಲಿ ಆಶ್ಚರ್ಯ ಏನಿದೆ? ದೂರು ಬಂದಿದ್ದು ಕೊನೇ ನಿಮಿಷದ ಮೇಲೆ, ತಪ್ಪು ಕೂತಿದ್ದು 12ನೇ ನಿಮಿಷದಲ್ಲಿ.

ಕಣ್ಣು ಕಪ್ಪು ಮಾಡುವ ಯೋಚನೆ ಅಲ್ಲಿಗೆ ಬಿಟ್ಟೆ. ಕಲಾವಿದೆಯನ್ನು ಅರ್ಧ ದಿನ ಕರೆಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೊಳಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ದಪ್ಪ ಕಂಬಳಿ ಇಳಿಬಿಟ್ಟು ಡಬ್ಬಿಂಗ್ ಮಾಡಿದೆವು. ನೇತುಹಾಕಿದ ಬಟ್ಟೆ ಪ್ರತಿಧ್ವನಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಸ್ಟುಡಿಯೋ ಬಾಡಿಗೆ ಉಳಿಯುತ್ತದೆ. ಆದರೆ ಹಾಗೆ ಮಾಡಿದ ದನಿ ಬರೀ ದನಿ, ಅದರ ಸುತ್ತ ಮನೆ ಇರುವುದಿಲ್ಲ. ಸಿನಿಮಾಕ್ಕೆ ಅಂಟಿಸಿದರೆ ಬೇರೆ ಕಡೆಯಿಂದ ಬಂದ ಹಾಗೆ ಕೇಳುತ್ತದೆ. ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು ಅಂತ ಸಿನಿಮಾ ಮಾಡುವ ಎಲ್ಲರಿಗೂ ಗೊತ್ತು. ನಮಗೂ ಗೊತ್ತಿತ್ತು, ಮರೆತಿದ್ದೆವು. ಮತ್ತೆ ಆ ಮನೆಗೆ ಹೋಗಿ, ಮಾಲೀಕರನ್ನು ಒಂದು ನಿಮಿಷ ಉಸಿರಾಡದೆ ಕೂರಲು ಕೇಳಿಕೊಂಡು ರೆಕಾರ್ಡ್ ಮಾಡಿ ತಂದು, ಡಬ್ಬಿಂಗ್ ದನಿಯ ಅಡಿಗೆ ಹಾಕಿದೆ. ಇದರ ಜೊತೆಗೆ ಮೂರನೇ ‘ಪುಟ್ಟಿ’ಯನ್ನೂ ಸೇರಿಸಿದೆ, ಪಕ್ಕದ ಕೋಣೆಯಿಂದ ಬರುವ ದನಿಯಾಗಿ. ಕ್ಯಾಮೆರಾ ಬೇಕಾಗಲಿಲ್ಲ. ಫೋನಿನ ಸ್ಪೀಕರಲ್ಲಿ, ಹಳೇ ಟಿವಿಯಲ್ಲಿ ಹಾಕಿ ಕೇಳಿ ಆಮೇಲೆ ಮುಗಿಸಿದೆ.

ಎರಡನೇ ದೊಡ್ಡ ದೂರು, ಇಂಥ ಸಿನಿಮಾ ಮಾಡಿದ ಎಲ್ಲರೂ ಕೇಳಿರುವಂಥದ್ದು: “ಆ ಮನೆ ಬಿಟ್ಟು ಹೋಗಬಾರದಾ?” ನಾಲ್ಕು ಜನ ಕೇಳಿದ್ದರು. ನಾನು ಎರಡು ಡೈಲಾಗ್ ಬರೆದೆ, ಸಾಲದ ಬಗ್ಗೆ, ಬೇರೆ ಮನೆ ಸಿಗದ ಬಗ್ಗೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ. ಆಗ ನೆನಪಾಯಿತು, ನಿಧಾನ ಅಂತ ತೆಗೆದುಹಾಕಿದ್ದ ಒಂದು ದೃಶ್ಯ ಇತ್ತು. ಅಪ್ಪ ಅಮ್ಮ ಸೇರಿ ಅಜ್ಜಿಯ ಹಾಸಿಗೆ ಬಟ್ಟೆ ಬದಲಿಸುವುದು. ಒಂದು ಪಕ್ಕಕ್ಕೆ ಮೆಲ್ಲಗೆ ಹೊರಳಿಸಿ, ಬಟ್ಟೆ ಸುತ್ತಿ ಬೆನ್ನಿನ ಅಡಿಗೆ ತಳ್ಳಿ, ಇನ್ನೊಂದು ಪಕ್ಕಕ್ಕೆ ಹೊರಳಿಸುವಾಗ ಅಜ್ಜಿ ಸಣ್ಣಗೆ ನರಳುತ್ತಾರೆ. 40 ಸೆಕೆಂಡು, ಒಂದೂ ಮಾತಿಲ್ಲ. ಅದನ್ನು ವಾಪಸ್ ಹಾಕಿದೆ. ಮುಂದಿನ ಪ್ರದರ್ಶನದಲ್ಲಿ ‘ಯಾಕೆ ಹೋಗಲ್ಲ’ ಅನ್ನುವ ಪ್ರಶ್ನೆಯೇ ಬರಲಿಲ್ಲ. ಹಾಸಿಗೆ ಬಟ್ಟೆ ಬದಲಿಸೋಕೇ ಇಷ್ಟು ಕಷ್ಟ ಪಡುವವರು ಅವರನ್ನು ಎತ್ತಿಕೊಂಡು ರಾತ್ರೋರಾತ್ರಿ ಎಲ್ಲಿಗೆ ಓಡುತ್ತಾರೆ?

ದೆವ್ವದ ವಿಷಯ ಬೇಗ ಮುಗಿಸುತ್ತೇನೆ, ನಾಚಿಕೆ ಆಗುತ್ತದೆ. ರೂಪ ತೋರಿಸಬಾರದು ಅಂತಲೇ ಬರೆದುಕೊಂಡಿದ್ದೆ. ಶೂಟಿಂಗಿನ ಕೊನೇ ದಿನ ಆಸೆ ತಡೆಯಲಿಲ್ಲ, ಉದ್ದದ ಒಬ್ಬರಿಗೆ ಮೇಕಪ್ ಹಾಕಿಸಿ ಮೂರು ಸೆಕೆಂಡು ನಿಲ್ಲಿಸಿದೆ. ಜನ ನಕ್ಕರು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು 72 ಫ್ರೇಮ್. ಕತ್ತರಿಸಿ 11ಕ್ಕೆ ತಂದೆ. 11ರಲ್ಲಿ ಕಣ್ಣಿಗೆ ಏನೋ ಹಾದುಹೋದ ಹಾಗೆ ಆಗುತ್ತದೆ, ಮೇಕಪ್ ಕಾಣುವಷ್ಟು ಹೊತ್ತು ಸಿಗುವುದಿಲ್ಲ. ನಗು ನಿಂತಿತು. ‘ದೆವ್ವ ಇನ್ನೂ ಜಾಸ್ತಿ ತೋರಿಸಬೇಕಿತ್ತು’ ಅಂತ ಇಬ್ಬರು ಬರೆದರು. ತೋರಿಸಿದಾಗ ನಕ್ಕವರೂ ನೀವೇ ತಾನೇ!

‘ಭಯ ಆಗಲಿಲ್ಲ’ ಅನ್ನುವ ಮಾತನ್ನು ಮಾತ್ರ ಹೇಗೆ ಓದಬೇಕು ಅಂತ ಬಹಳ ದಿನ ತಿಳಿಯಲಿಲ್ಲ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಅನ್ನುವ ಸಂಸ್ಥೆ ಬಿಡುಗಡೆಯ ಮೊದಲ ದಿನದ ಪ್ರೇಕ್ಷಕರಿಂದ ಗ್ರೇಡ್ ಹಾಕಿಸುತ್ತದೆ. 2018ರ ‘ಹೆರೆಡಿಟರಿ’, ಅದೂ ಒಂದು ಕುಟುಂಬದ ಕಥೆಯೇ, ವಿಮರ್ಶಕರು ಹೊಗಳಿದರೂ ಅಲ್ಲಿ ಪಡೆದಿದ್ದು ಡಿ ಪ್ಲಸ್. ಹಾರರ್‌ಗೆ ಕಡಿಮೆ ಗ್ರೇಡ್ ಬರುವುದು ಹೊಸದಲ್ಲ. ಬೆಚ್ಚಿಬೀಳೋಣ ಅಂತ ಬಂದವರಿಗೆ ಮೆಲ್ಲಗೆ ಏರುವ ಆತಂಕ ಬಡಿಸಿದರೆ ಕೋಪ ಬರುತ್ತದೆ, ಅಷ್ಟೇ. ಅದಕ್ಕೇ ಎರಡನೇ ಸಲದಿಂದ ಹಾಳೆಯ ಮೊದಲ ಪ್ರಶ್ನೆಯನ್ನು ಸಿನಿಮಾಕ್ಕೆ ಮುಂಚೆಯೇ ಬರೆಸಿದೆ: ಏನು ನಿರೀಕ್ಷೆ ಇಟ್ಟುಕೊಂಡು ಬಂದಿದ್ದೀರಿ? ಆಮೇಲೆ ಅಭಿಪ್ರಾಯಗಳು ತಾವೇ ಎರಡು ಗುಂಪಾದವು. ನನ್ನ ಟ್ರೇಲರ್‌ನಲ್ಲಿ ಬೆಚ್ಚಿಬೀಳಿಸುವ ಶಾಟ್‌ಗಳೇ ತುಂಬಿದ್ದವು, ಸಿನಿಮಾ ಹಾಗಿರಲಿಲ್ಲ. ಟ್ರೇಲರ್ ಬದಲಿಸಿದೆ.

ಪ್ರೇಕ್ಷಕರ ಮಾತಿಗೆ ಕೊನೆ ಬದಲಿಸಬಾರದು ಅಂತ ಹಟ ಹಿಡಿಯುವವರಿದ್ದಾರೆ. 2007ರ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಅನ್ನುವ ಹಾರರ್ ಸಿನಿಮಾವನ್ನು ನಿರ್ದೇಶಕ ಓರೆನ್ ಪೆಲಿ ತನ್ನದೇ ಮನೆಯಲ್ಲಿ ಸುಮಾರು 15,000 ಡಾಲರಿನಲ್ಲಿ ಮಾಡಿದ್ದು. 2009ರಲ್ಲಿ ಚಿತ್ರಮಂದಿರಗಳಿಗೆ ಬರುವಾಗ ಅದರ ಕೊನೆ ಬೇರೆಯೇ ಆಗಿತ್ತು. ಹಾಗಾಗಿ ಬದಲಿಸಲೇಬಾರದು ಅನ್ನುವವನು ನಾನಲ್ಲ. ಆದರೆ ನನ್ನ ಕೊನೆಯನ್ನು ನಾನು ಬದಲಿಸಲಿಲ್ಲ.

ಮೂರನೇ ಪ್ರದರ್ಶನಕ್ಕೆ 14 ಜನ ಬಂದಿದ್ದರು. ಬಾಗಿಲಲ್ಲಿ ಅಮ್ಮ “ಅದಿತಿ” ಅಂದ ಕ್ಷಣ ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು “ಅಯ್ಯೋ, ಬೇಡ” ಅಂದರು, ಜೋರಾಗಿಯೇ. ಅರ್ಥ ಆಗಲಿಲ್ಲ ಅಂತ ಆ ಸಲ ಒಬ್ಬರೂ ಬರೆಯಲಿಲ್ಲ. ಐದು ಜನ ಬರೆದದ್ದು ಬೇರೆ: ಮಗುವನ್ನು ಉಳಿಸಬೇಕಿತ್ತು. ಒಬ್ಬರು ಪೆನ್ನು ಒತ್ತಿ ಒತ್ತಿ ಬರೆದು ಹಾಳೆ ತೂತಾಗಿತ್ತು. ಮೊದಲನೇ ಸಲದ 12 ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಆ ಮಗುವಿನ ಬಗ್ಗೆ ಒಂದರಲ್ಲೂ ಒಂದು ಸಾಲೂ ಇರಲಿಲ್ಲ.